ಪದವೂ ಪದಾರ್ಥವೂ: ಆರ್ ಭಾಷೆಯ ಕೋಷ್ಟಕಗಳಲ್ಲಿ ಪ್ರಶ್ನೋಕ್ತಿಗಳ ರಚನೆ

೧. ಪ್ರಸ್ತಾವನೆ

ಕಾವ್ಯಗಳು, ಶಾಸನಗಳು, ಹಸ್ತಪ್ರತಿಗಳು ಮೊದಲಾದುವುಗಳ ವಿವರಗಳನ್ನು ಕೋಷ್ಟಕರೂಪವಾಗಿ ಬರೆದಿಟ್ಟುಕೊಂಡು, ಅವುಗಳಿಂದ ಸಂಖ್ಯೆಗಳನ್ನು ತೆಗೆದು ತಮ್ಮ ವಾದಗಳಿಗೆ ಆಧಾರವಾಗಿ ಕೊಡುವ ಪದ್ಧತಿಯು ಸಾಹಿತ್ಯಸಂಶೋಧಕರಿಗೆ ಹೊಸದಲ್ಲ. ಹಿಂದೆ ಕಾಗದದ ಚೀಟಿಗಳಿಂದ ನಡೆಯುತ್ತಿದ್ದ ಈ ಕಾರ್ಯವನ್ನು ಈಗ ಗಣಕಯಂತ್ರದಿಂದ ಮಾಡಿಸಿಕೊಳ್ಳುವವರು ಅನೇಕರಿದ್ದಾರೆ. ಚೀಟಿಗಳನ್ನು ಎಣಿಸುವವನು ಬೇಸರದಿಂದಲೋ ಮರೆವಿನಿಂದಲೋ ತಪ್ಪಬಹುದು. ಯಂತ್ರಕ್ಕೆ ಬೇಸರವೂ ಇಲ್ಲ, ಮರೆವೂ ಇಲ್ಲ. ಆದರೆ ಯಂತ್ರಕ್ಕೆ ವಿಶಿಷ್ಟವಾದ ಬೇರೊಂದು ಅಪಾಯವುಂಟು. ನಾವು ಒಂದು ಪ್ರಶ್ನೆಯನ್ನು ಕೇಳಿದೆವೆಂದು ಭಾವಿಸಿರುವಾಗ, ನಮ್ಮ ಬರಹದಿಂದ ಅದು ಇನ್ನೊಂದು ಪ್ರಶ್ನೆಯನ್ನು ಗ್ರಹಿಸಿ, ಆ ಇನ್ನೊಂದಕ್ಕೆ ನಿರ್ದುಷ್ಟವಾದ ಉತ್ತರವನ್ನು ಕೊಡುತ್ತದೆ. ಉತ್ತರವು ಸಂಖ್ಯಾರೂಪದಲ್ಲಿರುವುದರಿಂದ ಅದರ ಮುಖವನ್ನು ನೋಡಿ ದೋಷವನ್ನು ಕಂಡುಹಿಡಿಯುವುದು ಸಾಧ್ಯವಿಲ್ಲ. ಆ ಸಂಖ್ಯೆಯು ಲೇಖನಕ್ಕೆ ಸೇರುತ್ತದೆ. ಲೇಖನದಿಂದ ಪಾಠಪುಸ್ತಕಕ್ಕೆ ಹೋಗುತ್ತದೆ.

ಇಂತಹ ದೋಷವು ಬಹುಮಟ್ಟಿಗೆ ಹುಟ್ಟುವ ಸ್ಥಳ ಯಾವುದು, ಅದನ್ನು ಪರಿಹರಿಸುವ ಕ್ರಮವೇನು ಎಂಬುದನ್ನು, ಅಂಕಿ ಅಂಶಗಳ ವಿಚಾರಕ್ಕಾಗಿಯೇ ರಚಿತವಾದ ಆರ್ ಎಂಬ ಯಂತ್ರಭಾಷೆಯನ್ನೂ ಅದರಲ್ಲಿ ಬಳಕೆಯಲ್ಲಿರುವ ಡೇಟಾ.ಟೇಬಲ್ ಎಂಬ ಸಾಧನವನ್ನೂ ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇನೆ. ವಿಷಯವು ಯಂತ್ರಕ್ಕೆ ಸಂಬಂಧಪಟ್ಟದ್ದಾದರೂ ಇದರ ಮೂಲದಲ್ಲಿರುವ ಪ್ರಶ್ನೆಯು ವೈಯಾಕರಣರಿಗೆ ಬಹುಕಾಲದಿಂದ ಪರಿಚಿತವಾದದ್ದು: ಒಂದು ಪದವನ್ನು ಉಚ್ಚರಿಸಿದಾಗ ನಾವು ಆ ಪದವನ್ನು ಗ್ರಹಿಸಬೇಕೋ, ಅದರ ಅರ್ಥವನ್ನು ಗ್ರಹಿಸಬೇಕೋ?

೨. ಭಾಷೆಯ ಪೂರ್ವವೃತ್ತಾಂತ

ಆರ್ ಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ವಿದ್ವಾಂಸರು ಕಳೆದ ಶತಮಾನದ ಕೊನೆಯ ದಶಕದಲ್ಲಿ ರಚಿಸಿದರು. ೧೯೯೬ರಲ್ಲಿ ಅವರು ಇದನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಭಾಷೆಯ ಮೊದಲನೆಯ ಪೂರ್ಣ ಆವೃತ್ತಿಯು ೨೦೦೦ದ ಫೆಬ್ರವರಿ ೨೯ರಂದು ಹೊರಬಂದಿತು. ಇದಕ್ಕೆ ಎರಡು ಮನೆತನಗಳ ಸಂಬಂಧವುಂಟು. ಮೇಲಿನ ರೂಪವು, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೭೬ರಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಹೋದ್ಯೋಗಿಗಳು ಆರಂಭಿಸಿದ ಎಸ್ ಎಂಬ ಭಾಷೆಯದು. ಒಳಗಿನ ನಡೆಯಲ್ಲಿ ಮಾತ್ರ ಸ್ಕೀಮ್ ಎಂಬ ಭಾಷೆಯ ಪ್ರಭಾವವಿದೆ. ಸ್ಕೀಮ್ ಭಾಷೆಯು ಜಾನ್ ಮೆಕಾರ್ಥಿ ೧೯೬೦ರಲ್ಲಿ ವಿವರಿಸಿದ ಲಿಸ್ಪ್ ಭಾಷೆಯ ಸಂತತಿಗೆ ಸೇರಿದ್ದು. ಈ ಎರಡನೆಯ ಸಂಬಂಧವೇ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದದ್ದು. ಲಿಸ್ಪ್ ಸಂತತಿಯ ಭಾಷೆಗಳಲ್ಲಿ, ಯಂತ್ರಕ್ಕೆ ಹೇಳಿದ ಮಾತನ್ನೇ ಒಂದು ವಸ್ತುವಾಗಿ ಕೈಯಲ್ಲಿ ಹಿಡಿದು, ಬಿಡಿಸಿ ನೋಡಿ, ತಿದ್ದಿ, ಮತ್ತೆ ಯಂತ್ರಕ್ಕೆ ಒಪ್ಪಿಸುವುದು ಸಾಧ್ಯ. ಆರ್ ಭಾಷೆಗೂ ಆ ಶಕ್ತಿಯು ಬಂದಿದೆ.

ಡೇಟಾ.ಟೇಬಲ್ ಎಂಬುದು ಆರ್ ಭಾಷೆಗೆ ಸೇರಿಸಿಕೊಳ್ಳತಕ್ಕ ಒಂದು ಉಪಕರಣ. ಇದನ್ನು ಮ್ಯಾಟ್ ಡೌಲ್ ಎಂಬವರು ರಚಿಸಿ ೨೦೦೬ರಲ್ಲಿ ಪ್ರಕಟಿಸಿದರು. ಬಹು ದೊಡ್ಡ ಕೋಷ್ಟಕಗಳನ್ನೂ ಶೀಘ್ರವಾಗಿ ವಿಂಗಡಿಸಿ ಎಣಿಸುವುದರಲ್ಲಿ ಇದು ಪ್ರಸಿದ್ಧವಾಗಿದೆ.

ಓದುಗರಿಗೆ ಒಂದು ವಿಜ್ಞಾಪನೆ. ಈ ಲೇಖನದಲ್ಲಿ ಆರ್ ಭಾಷೆಯ ಪದಗಳನ್ನೂ ಅಂಕಗಳನ್ನೂ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ. ಯಂತ್ರದ ಮುಂದೆ ಕುಳಿತು ಪ್ರಯೋಗಮಾಡುವವರು ಭಾಷೆಯ ಪದಗಳನ್ನು ರೋಮನ್ ಲಿಪಿಯಲ್ಲಿಯೂ ಅಂಕಗಳನ್ನು ಅಂತರರಾಷ್ಟ್ರೀಯ ರೂಪದಲ್ಲಿಯೂ ಬರೆಯಬೇಕು. ನಾವು ಇಟ್ಟುಕೊಳ್ಳತಕ್ಕ ಹೆಸರುಗಳು ಕನ್ನಡದಲ್ಲಿರಬಹುದು. ಆದರೆ ಅವುಗಳ ಎರಡು ಪಕ್ಕಗಳಲ್ಲಿಯೂ ಹಿಂದಕ್ಕೆ ವಾಲಿದ ಒಂಟಿ ಉದ್ಧರಣಚಿಹ್ನೆಯನ್ನು ಹಾಕುವುದು ಕ್ಷೇಮ. ಇಲ್ಲಿ ಓದುವ ಸೌಕರ್ಯಕ್ಕಾಗಿ ಆ ಚಿಹ್ನೆಯನ್ನು ಬಿಟ್ಟಿದ್ದೇನೆ.

೩. ಕೋಷ್ಟಕವೂ ಪ್ರಶ್ನೆಯೂ

ನಿದರ್ಶನಕ್ಕೆ ಏಳು ಕಾವ್ಯಗಳ ಒಂದು ಚಿಕ್ಕ ಕೋಷ್ಟಕವನ್ನು ತೆಗೆದುಕೊಳ್ಳೋಣ. ಇದರ ಹೆಸರು ‘ಕೃತಿಗಳು’. ಇದರಲ್ಲಿ ಕೃತಿ, ಕವಿ, ರೂಪ, ಶತಮಾನ ಎಂಬ ನಾಲ್ಕು ಸ್ತಂಭಗಳಿವೆ. ಕಾಲವನ್ನು ಸಾಮಾನ್ಯವಾಗಿ ವಿದ್ವಾಂಸರು ಒಪ್ಪಿರುವಂತೆ ಕೊಟ್ಟಿದೆ.

ಆದಿಪುರಾಣ — ಪಂಪ — ಚಂಪೂ — ೧೦
ವಿಕ್ರಮಾರ್ಜುನ ವಿಜಯ — ಪಂಪ — ಚಂಪೂ — ೧೦
ಅಜಿತಪುರಾಣ — ರನ್ನ — ಚಂಪೂ — ೧೦
ಕರ್ಣಾಟ ಭಾರತ ಕಥಾಮಂಜರಿ — ಕುಮಾರವ್ಯಾಸ — ಭಾಮಿನಿ ಷಟ್ಪದಿ — ೧೫
ಮೋಹನತರಂಗಿಣಿ — ಕನಕದಾಸ — ಸಾಂಗತ್ಯ — ೧೬
ನಳಚರಿತ್ರೆ — ಕನಕದಾಸ — ಭಾಮಿನಿ ಷಟ್ಪದಿ — ೧೬
ಭರತೇಶವೈಭವ — ರತ್ನಾಕರವರ್ಣಿ — ಸಾಂಗತ್ಯ — ೧೬

ಹದಿನಾರನೆಯ ಶತಮಾನದ ಕೃತಿಗಳು ಯಾವ ಯಾವ ರೂಪದಲ್ಲಿ ಎಷ್ಟೆಷ್ಟಿವೆ ಎಂದು ತಿಳಿಯಬೇಕಾದರೆ ಹೀಗೆ ಬರೆಯಬೇಕು:

ಕೃತಿಗಳು[ಶತಮಾನ == ೧೬, .ಎನ್, ಬೈ = ರೂಪ]

ಆವರಣದೊಳಗೆ ಮೂರು ಸ್ಥಾನಗಳಿವೆ. ಮೊದಲನೆಯದು ಯಾವ ಸಾಲುಗಳು ಬೇಕೆಂಬುದನ್ನೂ, ಎರಡನೆಯದು ಅವುಗಳಿಂದ ಏನನ್ನು ತೆಗೆಯಬೇಕೆಂಬುದನ್ನೂ, ಮೂರನೆಯದು ಯಾವುದರ ಪ್ರಕಾರ ವಿಂಗಡಿಸಬೇಕೆಂಬುದನ್ನೂ ಹೇಳುತ್ತವೆ. ‘.ಎನ್’ ಎಂಬುದು ಸಾಲುಗಳ ಎಣಿಕೆಗೆ ಸಂಕೇತ. ಎರಡು ಸಮಚಿಹ್ನೆಗಳು ಸೇರಿದರೆ ‘ಸಮವೇ?’ ಎಂಬ ಪ್ರಶ್ನೆ. ಉತ್ತರ: ಸಾಂಗತ್ಯ ೨, ಭಾಮಿನಿ ಷಟ್ಪದಿ ೧.

‘ಶತಮಾನ == ೧೬’ ಎಂಬ ಈ ತುಂಡಿಗೆ ನಾನು ಉಕ್ತಿ ಎಂದು ಹೆಸರಿಡುತ್ತೇನೆ. ಬೀಜಗಣಿತದಲ್ಲಿ ಬೀಜೋಕ್ತಿ ಎಂಬ ಮಾತು ರೂಢಿಯಲ್ಲಿದೆಯಷ್ಟೆ. ಅಲ್ಲಿ ಅಕ್ಷರಗಳಿಗೆ ಬೆಲೆಗಳನ್ನು ಕೊಟ್ಟು ಉಕ್ತಿಯ ಬೆಲೆಯನ್ನು ಕಾಣುವಂತೆ ಇಲ್ಲಿಯೂ ಯಂತ್ರವು ಹೆಸರುಗಳ ಬೆಲೆಯನ್ನು ಹುಡುಕಿ ಉಕ್ತಿಯ ಬೆಲೆಯನ್ನು ಕಟ್ಟುತ್ತದೆ. ಎಲ್ಲಿ ಹುಡುಕುತ್ತದೆ ಎಂಬುದೇ ಇಲ್ಲಿನ ವಿಶೇಷ. ಅನೇಕ ಯಂತ್ರಭಾಷೆಗಳಲ್ಲಿ ಆವರಣದೊಳಗಿನ ಉಕ್ತಿಯ ಬೆಲೆಯನ್ನು ಮೊದಲೇ ಕಟ್ಟಿ, ಬೆಲೆಯನ್ನು ಮಾತ್ರ ಒಳಕ್ಕೆ ಕಳುಹಿಸುತ್ತಾರೆ. ಆರ್ ಭಾಷೆಯಲ್ಲಿ ಉಕ್ತಿಯು ಮುಚ್ಚಿದ ಲಕೋಟೆಯಂತೆ ಬೆಲೆಕಟ್ಟದೆಯೇ ಒಳಕ್ಕೆ ಹೋಗುತ್ತದೆ. ಒಳಗಿರುವ ಅಧಿಕಾರಿಯು ಅದನ್ನು ತನಗೆ ಬೇಕಾದಾಗ, ತನಗೆ ಬೇಕಾದ ಪರಿಸರದಲ್ಲಿ ತೆರೆಯಬಹುದು. ಡೇಟಾ.ಟೇಬಲ್ ಅದನ್ನು ಕೋಷ್ಟಕದ ಪರಿಸರದಲ್ಲಿ ತೆರೆಯುತ್ತದೆ. ಅಂದರೆ, ಉಕ್ತಿಯಲ್ಲಿ ಬಂದ ಹೆಸರನ್ನು ಮೊದಲು ಸ್ತಂಭಗಳಲ್ಲಿ ಹುಡುಕುತ್ತದೆ. ಅಲ್ಲಿ ಸಿಕ್ಕದಿದ್ದರೆ ಮಾತ್ರ ಹೊರಗೆ ಹುಡುಕುತ್ತದೆ. ಕೈಯಿಂದ ಬರೆಯುವ ಪ್ರಶ್ನೆಗಳಿಗೆ ಇದರಿಂದ ಬಹಳ ಸೌಕರ್ಯವಾಗಿದೆ. ತೊಡಕು ಬರುವುದು ಪ್ರಶ್ನೆಯನ್ನು ಕೈಯಿಂದ ಬರೆಯದೆ ಇರುವಾಗ.

೪. ಎರಡು ನಿಶ್ಶಬ್ದ ದೋಷಗಳು

ಕೋಷ್ಟಕವು ಏಳು ಸಾಲುಗಳದ್ದಾದರೆ ಬೇಕಾದ ಪ್ರಶ್ನೆಯನ್ನೆಲ್ಲ ಕೈಯಿಂದಲೇ ಬರೆಯಬಹುದು. ಸಾವಿರಾರು ಹಸ್ತಪ್ರತಿಗಳ ಸೂಚಿಯು ಮೂವತ್ತು ನಲವತ್ತು ಸ್ತಂಭಗಳೊಡನೆ ಇದ್ದು, ಪ್ರತಿಯೊಂದು ಸ್ತಂಭದ ಪ್ರಕಾರವೂ ಎಣಿಕೆಯಾಗಬೇಕಾದಾಗ, ಅಥವಾ ಯಾವ ಸ್ತಂಭವೆಂಬುದನ್ನು ಬೇರೊಬ್ಬ ವಿದ್ಯಾರ್ಥಿಯು ಆರಿಸಿಕೊಳ್ಳಬೇಕಾದಾಗ, ಪ್ರಶ್ನೆಯನ್ನು ಯಂತ್ರವೇ ರಚಿಸಿಕೊಳ್ಳುವಂತೆ ಮಾಡುವುದು ಅನಿವಾರ್ಯ. ಆಗ ಸ್ತಂಭದ ಹೆಸರೂ ಹೋಲಿಸತಕ್ಕ ಬೆಲೆಯೂ ಮೊದಲೇ ತಿಳಿದಿರುವುದಿಲ್ಲ; ಅವು ಚರಗಳಲ್ಲಿ ಕುಳಿತಿರುತ್ತವೆ.

ಹೊಸಬನು ಸಹಜವಾಗಿ ಹೀಗೆ ಬರೆಯುತ್ತಾನೆ:

ಹೆಸರು <- "ಶತಮಾನ"
ಕೃತಿಗಳು[ಹೆಸರು == ೧೬]

ಇಲ್ಲಿ ‘ಹೆಸರು’ ಎಂಬ ಸ್ತಂಭವಿಲ್ಲ. ಆದುದರಿಂದ ಯಂತ್ರವು ಹೊರಗೆ ಹುಡುಕಿ, "ಶತಮಾನ" ಎಂಬ ಅಕ್ಷರಮಾಲೆಯನ್ನು ಕಾಣುತ್ತದೆ. ಆ ಅಕ್ಷರಮಾಲೆಯು ಹದಿನಾರಕ್ಕೆ ಸಮವೇ ಎಂದು ಕೇಳಿದಂತಾಯಿತು. ಸಮವಲ್ಲ. ಆದಕಾರಣ ಒಂದು ಸಾಲೂ ಬರುವುದಿಲ್ಲ. ಯಂತ್ರವು ತಪ್ಪೆಂದು ಕೂಗುವುದಿಲ್ಲ. ಬರಿದಾದ ಕೋಷ್ಟಕವೊಂದನ್ನು ವಿನಯದಿಂದ ಮುಂದಿಡುತ್ತದೆ. ಕೋಷ್ಟಕದ ಒಳವನ್ನು ಅರಿಯದವನು, ಹದಿನಾರನೆಯ ಶತಮಾನದ ಕೃತಿಯೇ ಇದರಲ್ಲಿಲ್ಲವೆಂದು ನಿರ್ಣಯಿಸಬಹುದು.

ಎರಡನೆಯ ದೋಷವು ಇದಕ್ಕೆ ವಿಪರೀತವಾದದ್ದು. ಬೆಲೆಯನ್ನು ಇಟ್ಟುಕೊಳ್ಳುವ ಚರಕ್ಕೆ ಸ್ತಂಭದ ಹೆಸರನ್ನೇ ಇಟ್ಟೆವೆನ್ನೋಣ:

ಶತಮಾನ <- ೧೬
ಕೃತಿಗಳು[ಶತಮಾನ == ಶತಮಾನ]

ಬರೆದವನ ಮನಸ್ಸಿನಲ್ಲಿ ಎಡಗಡೆಯದು ಸ್ತಂಭ, ಬಲಗಡೆಯದು ಹದಿನಾರು. ಯಂತ್ರಕ್ಕೆ ಎರಡೂ ಸ್ತಂಭವೇ. ಏಕೆಂದರೆ ಕೋಷ್ಟಕದೊಳಗೆ ಆ ಹೆಸರು ಸಿಕ್ಕಿದ ಮೇಲೆ ಅದು ಹೊರಗೆ ಹುಡುಕುವುದೇ ಇಲ್ಲ. ಪ್ರತಿಯೊಂದು ಸಾಲಿನ ಶತಮಾನವೂ ತನಗೆ ತಾನು ಸಮವಾಗಿರುವುದರಿಂದ ಏಳು ಸಾಲುಗಳೂ ಬರುತ್ತವೆ. ಮೂರು ಬರಬೇಕಾದಲ್ಲಿ ಏಳು ಬಂದವು; ಪಂಪನ ಎರಡು ಕಾವ್ಯಗಳೂ ಹದಿನಾರನೆಯ ಶತಮಾನಕ್ಕೆ ಸೇರಿಹೋದವು. ಇಲ್ಲಿಯೂ ಎಚ್ಚರಿಕೆಯ ಮಾತಿಲ್ಲ.

‘ಗೆಟ್’ ಎಂಬ ಫಂಕ್ಷನ್ ಒಂದನ್ನು ಬಳಸಿ ‘ಗೆಟ್(ಹೆಸರು) == ೧೬’ ಎಂದು ಬರೆದರೆ ಮೊದಲನೆಯ ದೋಷವು ಪರಿಹಾರವಾಗುತ್ತದೆ; ಅಕ್ಷರಮಾಲೆಯ ಹೆಸರುಳ್ಳ ವಸ್ತುವನ್ನು ಅದು ತಂದುಕೊಡುತ್ತದೆ. ಆದರೆ ನಾಳೆ ಯಾರಾದರೂ ಕೋಷ್ಟಕಕ್ಕೆ ‘ಹೆಸರು’ ಎಂಬ ಸ್ತಂಭವನ್ನು ಸೇರಿಸಿದರೆ ಎರಡನೆಯ ದೋಷವು ಹಿಂದಿನ ಬಾಗಿಲಿನಿಂದ ಮತ್ತೆ ಒಳಕ್ಕೆ ಬರುತ್ತದೆ. ವಿಂಗಡಣೆಯ ‘ಬೈ’ ಸ್ಥಾನವು ಮಾತ್ರ ಸ್ತಂಭದ ಹೆಸರನ್ನು ಅಕ್ಷರಮಾಲೆಯಾಗಿ ಕೊಟ್ಟರೂ ಸ್ವೀಕರಿಸುತ್ತದೆ. ಉಳಿದ ಸ್ಥಾನಗಳಿಗೆ ಮೂಲದಿಂದಲೇ ಬೇರೆ ಕ್ರಮವು ಬೇಕು.

೫. ಸ್ವರೂಪಗ್ರಹಣ, ಅರ್ಥಗ್ರಹಣ

ಎರಡು ದೋಷಗಳಿಗೂ ಕಾರಣವು ಒಂದೇ. ಮೊದಲನೆಯದರಲ್ಲಿ, ಸ್ತಂಭವನ್ನು ಹೇಳಬೇಕಾದಲ್ಲಿ ಸ್ತಂಭದ ಹೆಸರಿನ ಅಕ್ಷರಗಳನ್ನು ಹೇಳಿದೆವು. ಎರಡನೆಯದರಲ್ಲಿ, ಒಂದೇ ಪದವು ಎರಡು ಅರ್ಥಗಳನ್ನು ಎರಡು ಕಡೆ ಕೊಡುವುದೆಂದು ನಂಬಿದೆವು. ಪದಕ್ಕೂ ಪದಾರ್ಥಕ್ಕೂ ಇರುವ ಭೇದವನ್ನು ಬರಹದಲ್ಲಿ ತೋರಿಸಲಿಲ್ಲ.

ಕನ್ನಡದಲ್ಲಿ ಈ ಭೇದವನ್ನು ‘ಎಂಬುದು’ ಎಂಬ ಮಾತು ತೋರಿಸುತ್ತದೆ. ‘ಪಂಪನು ಎರಡು ಕಾವ್ಯಗಳನ್ನು ರಚಿಸಿದನು’ ಎಂದರೆ ಕವಿಯ ವಿಷಯ. ‘ಪಂಪ ಎಂಬುದರಲ್ಲಿ ಎರಡು ಅಕ್ಷರಗಳಿವೆ’ ಎಂದರೆ ಪದದ ವಿಷಯ. ಸಂಸ್ಕೃತದಲ್ಲಿ ‘ಇತಿ’ ಶಬ್ದಕ್ಕೆ ಈ ಕೆಲಸವುಂಟು. ಪಾಣಿನಿಯು ಇದನ್ನು ಲೋಕರೂಢಿಗೆ ಬಿಡದೆ ಶಾಸ್ತ್ರವನ್ನೇ ಮಾಡಿದನು. ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಮೊದಲನೆಯ ಪಾದದ ೬೮ನೆಯ ಸೂತ್ರದ ತಾತ್ಪರ್ಯವೇನೆಂದರೆ: ವ್ಯಾಕರಣದಲ್ಲಿ ಒಂದು ಶಬ್ದವನ್ನು ಹೇಳಿದಾಗ, ಅದು ಶಾಸ್ತ್ರದ ಪಾರಿಭಾಷಿಕ ಸಂಜ್ಞೆಯಾಗಿಲ್ಲದಿದ್ದರೆ, ಆ ಶಬ್ದದ ಸ್ವರೂಪವನ್ನೇ ಗ್ರಹಿಸಬೇಕು. ಅಗ್ನಿಗೆ ಪ್ರತ್ಯಯವನ್ನು ಸೇರಿಸಬೇಕೆಂದರೆ ‘ಅಗ್ನಿ’ ಎಂಬ ಶಬ್ದಕ್ಕೆ ಸೇರಿಸಬೇಕು. ಕೆಂಡಕ್ಕೆ ಪ್ರತ್ಯಯವನ್ನು ಅಂಟಿಸುವುದು ಸಾಧ್ಯವಿಲ್ಲವಷ್ಟೆ. ಅದೇ ಪಾದದ ೪೪ನೆಯ ಸೂತ್ರದಲ್ಲಿ ‘ಇತಿ’ಯನ್ನು ಸೇರಿಸಿರುವುದು, ಅಲ್ಲಿಯ ಶಬ್ದಗಳಿಂದ ರೂಪವನ್ನಲ್ಲದೆ ಅರ್ಥವನ್ನು ಗ್ರಹಿಸಲೆಂದು, ಎಂಬುದಾಗಿ ವ್ಯಾಖ್ಯಾನಕಾರರು ತಿಳಿಸುತ್ತಾರೆ. ಲೋಕದಲ್ಲಿ ಪದವು ಸಹಜವಾಗಿ ಅರ್ಥವನ್ನು ಕೊಡುತ್ತದೆ, ‘ಇತಿ’ಯು ಅದನ್ನು ಸ್ವರೂಪಕ್ಕೆ ತಿರುಗಿಸುತ್ತದೆ, ಶಾಸ್ತ್ರದಲ್ಲಿ ಪದವು ಸಹಜವಾಗಿ ಸ್ವರೂಪವನ್ನು ಕೊಡುತ್ತದೆ, ‘ಇತಿ’ಯು ಅದನ್ನು ಅರ್ಥಕ್ಕೆ ತಿರುಗಿಸುತ್ತದೆ. ಯಾವ ಪಕ್ಷವನ್ನು ಸಹಜವೆಂದು ಇಟ್ಟುಕೊಂಡರೂ ಸರಿಯೆ. ಆದರೆ ಯಾವುದನ್ನು ಇಟ್ಟುಕೊಂಡಿದೆ ಎಂಬುದು ನಿಶ್ಚಿತವಾಗಿರಬೇಕು, ಇನ್ನೊಂದಕ್ಕೆ ತಿರುಗಿಸುವ ಚಿಹ್ನೆಯೂ ಇರಬೇಕು.

ಪಾಣಿನಿಗೂ ಯಂತ್ರಭಾಷೆಗೂ ಸಂಬಂಧವನ್ನು ಕಲ್ಪಿಸುವುದು ನನ್ನ ಉದ್ದೇಶವಲ್ಲ. ಭಾಷೆಯಿಂದ ಭಾಷೆಯನ್ನೇ ಕುರಿತು ಮಾತನಾಡಬೇಕಾದವರೆಲ್ಲರಿಗೂ ಒಂದೇ ತೊಡಕು ಬಂದಿದೆ ಎಂಬಷ್ಟೇ ಇಲ್ಲಿ ಹೇಳತಕ್ಕದ್ದು. ಆರ್ ಭಾಷೆಯಲ್ಲಿ ಲೋಕದ ನಿಯಮವು ನಡೆಯುತ್ತದೆ: ಹೆಸರು ಸಹಜವಾಗಿ ಬೆಲೆಯನ್ನು ಕೊಡುತ್ತದೆ. ಅದನ್ನು ಸ್ವರೂಪಕ್ಕೆ ತಿರುಗಿಸುವ ಚಿಹ್ನೆಯು ‘ಕ್ವೋಟ್’ ಎಂಬ ಫಂಕ್ಷನ್. ‘ಕ್ವೋಟ್(ಶತಮಾನ == ೧೬)’ ಎಂದರೆ, ‘ಶತಮಾನ == ೧೬ ಎಂಬ ಉಕ್ತಿ’ ಎಂದು ಅರ್ಥ; ಬೆಲೆಯನ್ನು ಕಟ್ಟುವುದಿಲ್ಲ. ಸ್ವರೂಪದಿಂದ ಮತ್ತೆ ಬೆಲೆಗೆ ತಿರುಗಿಸುವುದು ‘ಇವ್ಯಾಲ್’.

೬. ಅಕ್ಷರಗಳನ್ನು ಅಂಟಿಸುವ ಮಾರ್ಗ

ಇಷ್ಟನ್ನು ತಿಳಿಯುವುದಕ್ಕೆ ಮೊದಲೇ ಅನೇಕರು ಇನ್ನೊಂದು ದಾರಿಯನ್ನು ಹಿಡಿಯುತ್ತಾರೆ. ಪ್ರಶ್ನೆಯನ್ನು ಅಕ್ಷರಮಾಲೆಯಾಗಿ ಅಂಟಿಸಿ, ಅದನ್ನು ಯಂತ್ರಕ್ಕೆ ಓದಲು ಕೊಡುವುದೇ ಆ ದಾರಿ:

ವಾಕ್ಯ <- ಪೇಸ್ಟ್(ಹೆಸರು, "==", ಬೆಲೆ)
ಕೃತಿಗಳು[ಇವ್ಯಾಲ್(ಪಾರ್ಸ್(ಟೆಕ್ಸ್ಟ್ = ವಾಕ್ಯ))]

‘ಹೆಸರು’ ಎಂಬುದರಲ್ಲಿ "ಶತಮಾನ"ವೂ ‘ಬೆಲೆ’ಯಲ್ಲಿ ೧೬ ಎಂಬುದೂ ಇದ್ದರೆ ಉತ್ತರವು ಸರಿಯಾಗಿಯೇ ಬರುತ್ತದೆ. ಹೀಗೆ ಮೊದಲ ದಿನ ಸರಿಯಾಗಿ ಬರುವುದೇ ಇದರ ಮೋಸ. ಹೆಸರು "ಕವಿ", ಬೆಲೆ "ಪಂಪ" ಆದಾಗ ಅಂಟಿಸಿದ ವಾಕ್ಯವು ‘ಕವಿ == ಪಂಪ’ ಎಂದಾಗುತ್ತದೆ. ಪಂಪನ ಸುತ್ತಲಿದ್ದ ಉದ್ಧರಣಚಿಹ್ನೆಗಳು ಅಂಟಿಸುವಾಗ ಕಳಚಿಹೋದುವು, ಅಕ್ಷರಮಾಲೆಯಾಗಿದ್ದುದು ಹೆಸರಾಯಿತು, ಪಂಪ ಎಂಬ ವಸ್ತುವು ಎಲ್ಲಿಯೂ ಇಲ್ಲವೆಂದು ಯಂತ್ರವು ನಿಲ್ಲುತ್ತದೆ. ಸ್ತಂಭದ ಹೆಸರು ‘ರಚನೆಯ ಕಾಲ’ ಎಂದು ಎರಡು ಪದಗಳದ್ದಾದರೆ ಓದುವ ಹಂತದಲ್ಲಿಯೇ ತಪ್ಪಾಗುತ್ತದೆ. ಈ ತಪ್ಪುಗಳು ಗಟ್ಟಿಯಾಗಿ ಕೂಗಿಕೊಳ್ಳುವುದರಿಂದ ಅಷ್ಟು ಭಯವಿಲ್ಲ.

ಭಯವಿರುವುದು ಷರತ್ತುಗಳು ಎರಡಕ್ಕಿಂತ ಹೆಚ್ಚಾದಾಗ. ‘ಭಾಮಿನಿ ಷಟ್ಪದಿ ಅಥವಾ ಸಾಂಗತ್ಯ’ ಎಂಬುದೊಂದು ಷರತ್ತು, ‘ಹದಿನಾರನೆಯ ಶತಮಾನ’ ಎಂಬುದು ಇನ್ನೊಂದು ಷರತ್ತು, ಎರಡೂ ಸೇರಿರಬೇಕು. ಒಂದೊಂದನ್ನೂ ಅಕ್ಷರಮಾಲೆಯಾಗಿ ಸಿದ್ಧಪಡಿಸಿ ಅಂಟಿಸಿದರೆ ಹೀಗಾಗುತ್ತದೆ:

ರೂಪ == "ಭಾಮಿನಿ ಷಟ್ಪದಿ" | ರೂಪ == "ಸಾಂಗತ್ಯ" & ಶತಮಾನ == ೧೬

ಇಲ್ಲಿ ನೆಟ್ಟನೆಯ ಗೆರೆಯು ‘ಅಥವಾ’ ಎಂಬುದಕ್ಕೂ ಅದರ ಮುಂದಿನ ಚಿಹ್ನೆಯು ‘ಮತ್ತು’ ಎಂಬುದಕ್ಕೂ ಸಂಕೇತ. ಆರ್ ಭಾಷೆಯಲ್ಲಿ ‘ಮತ್ತು’ ಎಂಬುದರ ಬಂಧವು ‘ಅಥವಾ’ ಎಂಬುದರ ಬಂಧಕ್ಕಿಂತ ಗಟ್ಟಿಯಾದದ್ದು. ಆದುದರಿಂದ ‘ಸಾಂಗತ್ಯ’ವು ಶತಮಾನದೊಡನೆ ಕೂಡಿಕೊಳ್ಳುತ್ತದೆ, ‘ಭಾಮಿನಿ ಷಟ್ಪದಿ’ಯು ಕಾಲದ ನಿರ್ಬಂಧವಿಲ್ಲದೆ ಉಳಿಯುತ್ತದೆ. ಮೂರು ಸಾಲುಗಳು ಬರಬೇಕಾದಲ್ಲಿ ನಾಲ್ಕು ಬರುತ್ತವೆ, ನಾಲ್ಕನೆಯವನು ಕುಮಾರವ್ಯಾಸ. ಸಮಾಸವನ್ನು ತಪ್ಪಾಗಿ ವಿಗ್ರಹಮಾಡಿದರೆ ಅರ್ಥವು ಕೆಡುವಂತೆ, ಇಲ್ಲಿ ಉಕ್ತಿಯ ವಿಗ್ರಹವು ಕೆಟ್ಟು, ಒಬ್ಬ ಕವಿಯು ತನ್ನದಲ್ಲದ ಶತಮಾನಕ್ಕೆ ಎಣಿಕೆಯಾದನು.

ಇನ್ನೊಂದು ಅಪಾಯವೂ ಉಂಟು. ಅಂಟಿಸಿದ ಅಕ್ಷರಮಾಲೆಯಲ್ಲಿ ಏನಿದ್ದರೂ ಯಂತ್ರವು ಅದನ್ನು ಆಜ್ಞೆಯೆಂದು ತಿಳಿದು ನಡೆಸುತ್ತದೆ. ಬೆಲೆಯನ್ನು ಅಪರಿಚಿತನೊಬ್ಬನು ಕೊಡುವುದಾದರೆ, ಕಡತಗಳನ್ನು ಅಳಿಸುವ ಆಜ್ಞೆಯನ್ನೇ ಅವನು ಬೆಲೆಯೊಳಗೆ ಅಡಗಿಸಿ ಕೊಡಬಹುದು.

೭. ಉಕ್ತಿಯನ್ನು ಉಕ್ತಿಯಾಗಿಯೇ ಕಟ್ಟುವ ಮಾರ್ಗ

ಸರಿಯಾದ ಮಾರ್ಗವು ಉಕ್ತಿಯ ರಚನೆಯನ್ನು ಅರಿಯುವುದರಿಂದ ದೊರೆಯುತ್ತದೆ. ಕಾಗದದ ಮೇಲೆ ಉಕ್ತಿಯು ಒಂದು ಗೆರೆಯಾಗಿ ಕಂಡರೂ ಯಂತ್ರದೊಳಗೆ ಅದು ಮರದಂತೆ ಇರುತ್ತದೆ. ‘ಶತಮಾನ == ೧೬’ ಎಂಬುದರಲ್ಲಿ ಮೂರು ಅಂಗಗಳು: ಮೊದಲನೆಯದು ‘==’ ಎಂಬ ಕ್ರಿಯೆ; ಎರಡನೆಯದು ‘ಶತಮಾನ’ ಎಂಬ ಹೆಸರು; ಮೂರನೆಯದು ೧೬ ಎಂಬ ಬೆಲೆ. ವಾಕ್ಯದಲ್ಲಿ ಕ್ರಿಯಾಪದವು ಪ್ರಧಾನವಾಗಿದ್ದು ಕಾರಕಗಳು ಅದನ್ನು ಆಶ್ರಯಿಸಿರುವಂತೆ ಇಲ್ಲಿಯೂ ಕ್ರಿಯೆಯು ಮೊದಲು ನಿಂತು ಉಳಿದವು ಅದಕ್ಕೆ ಅಂಗಗಳಾಗುತ್ತವೆ. ಒಂದು ಅಂಗವೇ ಇನ್ನೊಂದು ಪೂರ್ಣ ಉಕ್ತಿಯಾಗಿರಬಹುದು. ಈ ಅಂಗಗಳನ್ನು ನಾವೇ ಜೋಡಿಸಬಹುದು:

ಉಕ್ತಿ <- ಕಾಲ್("==", ಆ್ಯಸ್.ನೇಮ್(ಹೆಸರು), ಬೆಲೆ)
ಕೃತಿಗಳು[ಇವ್ಯಾಲ್(ಉಕ್ತಿ)]

‘ಕಾಲ್’ ಎಂಬುದು ಕ್ರಿಯೆಯನ್ನೂ ಅಂಗಗಳನ್ನೂ ಕೂಡಿಸಿ ಉಕ್ತಿಯನ್ನು ಕಟ್ಟುತ್ತದೆ. ‘ಆ್ಯಸ್.ನೇಮ್’ ಎಂಬುದು ಅಕ್ಷರಮಾಲೆಯನ್ನು ಹೆಸರಾಗಿ ಮಾಡುತ್ತದೆ. ಇಲ್ಲಿಯೇ ನಾವು ಹುಡುಕುತ್ತಿದ್ದ ಭೇದವು ಸ್ಪಷ್ಟವಾಗಿ ಬರಹಕ್ಕೆ ಬಂದಿದೆ: ಹೆಸರಾಗಬೇಕಾದದ್ದನ್ನು ಹೆಸರಾಗಿ ಮಾಡಿದ್ದೇವೆ, ಬೆಲೆಯಾಗಬೇಕಾದದ್ದನ್ನು ಬೆಲೆಯಾಗಿಯೇ ಬಿಟ್ಟಿದ್ದೇವೆ. ಬೆಲೆಯು "ಪಂಪ" ಆದರೂ ಅದು ಅಕ್ಷರಮಾಲೆಯಾಗಿಯೇ ಮರದಲ್ಲಿ ಕುಳಿತುಕೊಳ್ಳುತ್ತದೆ. ಉದ್ಧರಣಚಿಹ್ನೆಗಳು ಕಳಚುವ ಪ್ರಸಂಗವೇ ಇಲ್ಲ. ಅಪರಿಚಿತನು ಬೆಲೆಯಾಗಿ ಕೊಟ್ಟ ಅಕ್ಷರಮಾಲೆಯಲ್ಲಿ ಆಜ್ಞೆಯಿದ್ದರೂ ಅದು ಆಜ್ಞೆಯಾಗುವುದಿಲ್ಲ. ಸ್ತಂಭದ ಹೆಸರು ಹಲವು ಪದಗಳದ್ದಾದರೂ ಅದು ಒಂದೇ ಹೆಸರು.

ಷರತ್ತುಗಳ ಸಂಖ್ಯೆಯು ಮೊದಲೇ ತಿಳಿಯದಿದ್ದಾಗಲೂ ಈ ಮಾರ್ಗವು ಸಾಲುತ್ತದೆ:

ಷರತ್ತುಗಳು <- ಲಿಸ್ಟ್(ರೂಪ = "ಸಾಂಗತ್ಯ", ಶತಮಾನ = ೧೬)
ಬಿಡಿಗಳು <- ಮ್ಯಾಪ್(ಫಂಕ್ಷನ್(ಹೆ, ಬೆ) ಕಾಲ್("==", ಆ್ಯಸ್.ನೇಮ್(ಹೆ), ಬೆ), ನೇಮ್ಸ್(ಷರತ್ತುಗಳು), ಷರತ್ತುಗಳು)
ಇಡಿ <- ರೆಡ್ಯೂಸ್(ಫಂಕ್ಷನ್(ಎಡ, ಬಲ) ಕಾಲ್("&", ಎಡ, ಬಲ), ಬಿಡಿಗಳು)
ಕೃತಿಗಳು[ಇವ್ಯಾಲ್(ಇಡಿ)]

‘ಮ್ಯಾಪ್’ ಒಂದೊಂದು ಷರತ್ತಿನಿಂದಲೂ ಒಂದೊಂದು ಬಿಡಿ ಉಕ್ತಿಯನ್ನು ಮಾಡುತ್ತದೆ. ‘ರೆಡ್ಯೂಸ್’ ಅವುಗಳನ್ನು ಎಡದಿಂದ ಬಲಕ್ಕೆ ಹೂವು ಪೋಣಿಸಿದಂತೆ ‘ಮತ್ತು’ ಎಂಬುದರಿಂದ ಕೂಡಿಸುತ್ತದೆ. ಉತ್ತರವಾಗಿ ಮೋಹನತರಂಗಿಣಿ, ಭರತೇ​ಶವೈಭವ ಎಂಬ ಎರಡು ಸಾಲುಗಳು ಬರುತ್ತವೆ. ಷರತ್ತುಗಳು ಎರಡಾಗಲಿ ಇಪ್ಪತ್ತಾಗಲಿ ಬರಹವು ಬದಲಾಗುವುದಿಲ್ಲ. ‘ಅಥವಾ’ ಎಂಬುದನ್ನು ಒಳಗಿಟ್ಟು ‘ಮತ್ತು’ ಎಂಬುದನ್ನು ಹೊರಗಿಟ್ಟು ಕಟ್ಟಿದರೆ ಮರದಲ್ಲಿ ಅದು ಹಾಗೆಯೇ ಇರುತ್ತದೆ. ಯಾವುದರ ಬಂಧವು ಗಟ್ಟಿಯೆಂಬ ಪ್ರಶ್ನೆಯು ಹುಟ್ಟುವುದಿಲ್ಲ. ಕುಮಾರವ್ಯಾಸನು ತನ್ನ ಶತಮಾನದಲ್ಲಿಯೇ ಉಳಿಯುತ್ತಾನೆ.

ಅಂಗಗಳನ್ನು ಒಂದೊಂದಾಗಿ ಜೋಡಿಸುವುದು ದೀರ್ಘ ಉಕ್ತಿಗಳಲ್ಲಿ ಆಯಾಸಕರ. ಅದಕ್ಕೋಸ್ಕರ ‘ಬಿಕ್ವೋಟ್’ ಎಂಬುದಿದೆ. ಇದರಲ್ಲಿ ಉಕ್ತಿಯನ್ನು ಇದ್ದಂತೆಯೇ ಬರೆದು, ತುಂಬಬೇಕಾದ ಸ್ಥಳಗಳನ್ನು ಮಾತ್ರ ಚುಕ್ಕೆಯಿಂದಲೂ ಆವರಣದಿಂದಲೂ ಗುರುತುಮಾಡಬೇಕು:

ಬಿಕ್ವೋಟ್(.(ಆ್ಯಸ್.ನೇಮ್(ಹೆಸರು)) == .(ಬೆಲೆ))

ಗುರುತಿಲ್ಲದ ಭಾಗವು ಸ್ವರೂಪದಲ್ಲಿ ನಿಲ್ಲುತ್ತದೆ. ಗುರುತುಳ್ಳ ಭಾಗದ ಬೆಲೆಯು ಆ ಸ್ಥಳದಲ್ಲಿ ಬಂದು ಕೂಡುತ್ತದೆ. ತರ್ಕಶಾಸ್ತ್ರಜ್ಞನಾದ ಕ್ವೈನ್ ೧೯೪೦ರಲ್ಲಿ ಪ್ರಕಟಿಸಿದ ತನ್ನ ಗಣಿತತರ್ಕದ ಗ್ರಂಥದಲ್ಲಿ ಇಂತಹ ಅರೆ ಉದ್ಧರಣಕ್ಕೆ ವಿಶೇಷ ಚಿಹ್ನೆಯನ್ನೇ ಏರ್ಪಡಿಸಿದ್ದನು. ಲಿಸ್ಪ್ ಸಂತತಿಯಲ್ಲಿ ಅದೇ ಭಾವನೆಯು ನೆಲೆನಿಂತಿತು. ‘ಸಬ್‌ಸ್ಟಿಟ್ಯೂಟ್’ ಎಂಬುದೂ ಇದೇ ಜಾತಿಯದು. ಅದರಲ್ಲಿ ಯಾವ ಹೆಸರಿಗೆ ಯಾವ ಆದೇಶವೆಂಬುದನ್ನು ಪ್ರತ್ಯೇಕವಾಗಿ ಪಟ್ಟಿಯಲ್ಲಿ ಕೊಡಬೇಕು. ಸ್ಥಾನಿಯನ್ನು ತೆಗೆದು ಆದೇಶವನ್ನಿಡುವ ವ್ಯಾಕರಣಪ್ರಕ್ರಿಯೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

೮. ಈಚಿನ ಏರ್ಪಾಡು

ಡೇಟಾ.ಟೇಬಲ್ ಉಪಕರಣದ ೧.೧೫.೦ ಎಂಬ ಆವೃತ್ತಿಯು ೨೦೨೪ರಲ್ಲಿ ಪ್ರಕಟವಾದಾಗ, ಮೇಲೆ ಹೇಳಿದ ಆದೇಶಕಾರ್ಯವನ್ನು ಕೋಷ್ಟಕದ ಆವರಣದೊಳಗೇ ನಡೆಸುವ ‘ಎನ್ವ್’ ಎಂಬ ಹೊಸ ಸ್ಥಾನವು ಏರ್ಪಟ್ಟಿತು. ಇದರಿಂದ ಎಣಿಕೆಯ ಫಂಕ್ಷನನ್ನು ಹೀಗೆ ಬರೆಯಬಹುದು:

ಎಣಿಸು <- ಫಂಕ್ಷನ್(ಕೋಷ್ಟಕ, ಹೆಸರು, ಬೆಲೆ, ವರ್ಗ)
ಕೋಷ್ಟಕ[ಅ == ಆ, .ಎನ್, ಬೈ = ಇ, ಎನ್ವ್ = ಲಿಸ್ಟ್(ಅ = ಹೆಸರು, ಆ = ಐ(ಬೆಲೆ), ಇ = ವರ್ಗ)]

ಅ, ಆ, ಇ ಎಂಬವು ಸ್ಥಾನಿಗಳು. ಬೆಲೆಕಟ್ಟುವುದಕ್ಕೆ ಮೊದಲೇ ಪಟ್ಟಿಯಲ್ಲಿರುವ ಆದೇಶಗಳು ಅವುಗಳ ಸ್ಥಳಕ್ಕೆ ಬರುತ್ತವೆ. ‘ಎಣಿಸು(ಕೃತಿಗಳು, "ಶತಮಾನ", ೧೬, "ರೂಪ")’ ಎಂದರೆ ಸಾಂಗತ್ಯ ೨, ಭಾಮಿನಿ ಷಟ್ಪದಿ ೧ ಎಂದೂ, ‘ಎಣಿಸು(ಕೃತಿಗಳು, "ಕವಿ", "ಪಂಪ", "ರೂಪ")’ ಎಂದರೆ ಚಂಪೂ ೨ ಎಂದೂ ಉತ್ತರವು ಬರುತ್ತದೆ. ಕೋಷ್ಟಕದಲ್ಲಿ ‘ಹೆಸರು’ ಅಥವಾ ‘ಬೆಲೆ’ ಎಂಬ ಸ್ತಂಭವಿದ್ದರೂ ಬಾಧಕವಿಲ್ಲ; ಏಕೆಂದರೆ ಪಟ್ಟಿಯ ಬೆಲೆಗಳನ್ನು ಕೋಷ್ಟಕದ ಹೊರಗೇ ಕಟ್ಟಿ ಮುಗಿಸಿರುತ್ತದೆ.

ಇಲ್ಲಿ ‘ಐ’ ಎಂಬ ಒಂದಕ್ಷರದ ಫಂಕ್ಷನಿನ ಮೇಲೆ ವಿಶೇಷವಾಗಿ ಗಮನವಿಡಬೇಕು. ಎನ್ವ್ ಪಟ್ಟಿಯಲ್ಲಿ ನಿಯಮವು ತಿರುಗಿಹೋಗುತ್ತದೆ: ಅಲ್ಲಿ ಕೊಟ್ಟ ಅಕ್ಷರಮಾಲೆಯನ್ನು ಸಹಜವಾಗಿ ಹೆಸರೆಂದೇ ಗ್ರಹಿಸಲಾಗುತ್ತದೆ. ಸ್ತಂಭಗಳ ಹೆಸರುಗಳನ್ನು ಕೊಡುವುದಕ್ಕೆ ಇದು ಅನುಕೂಲ. ಆದರೆ "ಪಂಪ" ಎಂಬುದನ್ನು ಬರಿದೇ ಕೊಟ್ಟರೆ ಅದೂ ಹೆಸರಾಗಿ, ‘ಕವಿ == ಪಂಪ’ ಎಂಬ ಹಳೆಯ ತಪ್ಪೇ ಮರಳಿ ಬರುತ್ತದೆ. ‘ಇದನ್ನು ಹೆಸರಾಗಿ ಮಾಡಬೇಡ, ಇದ್ದ ರೂಪದಲ್ಲಿಯೇ ಇಟ್ಟುಕೋ’ ಎಂದು ಹೇಳುವುದು ‘ಐ’ ಎಂಬುದರ ಕೆಲಸ. ಶಾಸ್ತ್ರದಲ್ಲಿ ಸಹಜವಾದದ್ದು ಲೋಕದ ವಿಪರೀತವಾಗಿದ್ದು, ‘ಇತಿ’ಯು ಅದನ್ನು ಮತ್ತೆ ತಿರುಗಿಸುವುದೆಂದು ಮೇಲೆ ಕಂಡೆವಷ್ಟೆ, ಇಲ್ಲಿಯ ನಡೆಯೂ ಅಂತಹುದೇ. ಬೆಲೆಯನ್ನು ಕೊಡುವ ಕಡೆಯಲ್ಲೆಲ್ಲ ‘ಐ’ ಎಂಬುದನ್ನು ತಪ್ಪದೆ ಬರೆಯುವುದನ್ನು ಅಭ್ಯಾಸಮಾಡಿಕೊಳ್ಳುವುದು ಒಳ್ಳೆಯದು. ಬೆಲೆಯು ಅಂಕವಾದರೆ ಅದರಿಂದ ಹಾನಿಯಿಲ್ಲ, ಅಕ್ಷರಮಾಲೆಯಾದರೆ ಅದರಿಂದಲೇ ರಕ್ಷೆ.

ಉತ್ತರದ ಸ್ತಂಭಕ್ಕೆ ನಾವಿಡುವ ಹೆಸರನ್ನೂ ಈ ಏರ್ಪಾಡಿನಿಂದ ಬದಲಾಯಿಸಬಹುದು. ‘ಬಿಕ್ವೋಟ್’ ಮತ್ತು ‘ಸಬ್‌ಸ್ಟಿಟ್ಯೂಟ್’ ಎಂಬವುಗಳಿಗೆ ಆ ಶಕ್ತಿಯಿಲ್ಲ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಮಾತುಗಳನ್ನು ಸಂಗ್ರಹಿಸಬಹುದು. ಯಂತ್ರವೇ ಪ್ರಶ್ನೆಯನ್ನು ರಚಿಸಿಕೊಳ್ಳಬೇಕಾದಾಗ, ಅದನ್ನು ಅಕ್ಷರಗಳ ಸಾಲಾಗಿ ಅಂಟಿಸದೆ ಅಂಗಗಳುಳ್ಳ ಉಕ್ತಿಯಾಗಿ ಕಟ್ಟಬೇಕು. ಪ್ರತಿಯೊಂದು ಅಂಗವನ್ನು ಕುರಿತೂ, ಇದು ಹೆಸರೋ ಬೆಲೆಯೋ ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಸ್ಪಷ್ಟಪಡಿಸಬೇಕು. ಕಟ್ಟಿದ ಉಕ್ತಿಯ ಬೆಲೆಯನ್ನು ಕಟ್ಟಿಸುವುದಕ್ಕೆ ಮೊದಲು ಅದನ್ನು ಒಮ್ಮೆ ಮುದ್ರಿಸಿ ಕಣ್ಣಿಂದ ಓದಬೇಕು. ‘ಎನ್ವ್’ ಬಳಸಿದಾಗ ‘ವರ್ಬೋಸ್’ ಎಂಬ ಆಯ್ಕೆಯನ್ನು ಕೊಟ್ಟರೆ ಆದೇಶವಾದ ಮೇಲಿನ ಉಕ್ತಿಯನ್ನು ಯಂತ್ರವೇ ತೋರಿಸುತ್ತದೆ. ಇದರೊಡನೆ, ಉತ್ತರವು ಮೊದಲೇ ಗೊತ್ತಿರುವ ಒಂದು ಚಿಕ್ಕ ಕೋಷ್ಟಕದ ಮೇಲೆ ಪ್ರಶ್ನೆಯನ್ನು ಪರೀಕ್ಷಿಸಿ ನೋಡುವುದು ಉಚಿತ. ನಮ್ಮ ಏಳು ಕೃತಿಗಳ ಕೋಷ್ಟಕವು ಮೂರು ದೋಷಗಳನ್ನು ಹೊರಗೆಡಹಿದುದು ಅದು ಚಿಕ್ಕದಾಗಿದ್ದುದರಿಂದಲೇ; ಏಳು ಸಾವಿರ ಸಾಲುಗಳಲ್ಲಿ ಕುಮಾರವ್ಯಾಸನೊಬ್ಬನು ಹೆಚ್ಚಾಗಿ ಬಂದುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗ್ರಂಥಸಂಪಾದನೆಯಲ್ಲಿ ಪಾಠವು ಯಾವ ಪ್ರತಿಯಿಂದ ಬಂದಿತೆಂದು ಹೇಳದೆ ಪಾಠವನ್ನು ಕೊಡುವುದಿಲ್ಲ. ಹಾಗೆಯೇ ಎಣಿಕೆಯು ಯಾವ ಪ್ರಶ್ನೆಯಿಂದ ಬಂದಿತೆಂದು ಹೇಳದೆ ಎಣಿಕೆಯನ್ನು ಕೊಡುವುದು ಇನ್ನು ಮುಂದೆ ವಿದ್ವಾಂಸರಿಗೆ ಸಲ್ಲದು. ಸಂಖ್ಯೆಯ ಜೊತೆಯಲ್ಲಿ ಅದನ್ನು ಕೊಟ್ಟ ಉಕ್ತಿಯನ್ನೂ ಮುದ್ರಿಸಿದರೆ, ಓದುಗನು ಅದನ್ನು ಬಿಡಿಸಿ ನೋಡಿ, ನಾವು ಕೇಳಿದೆವೆಂದು ಹೇಳುವ ಪ್ರಶ್ನೆಯೂ ಯಂತ್ರವು ಉತ್ತರಿಸಿದ ಪ್ರಶ್ನೆಯೂ ಒಂದೇ ಹೌದೋ ಅಲ್ಲವೋ ಎಂಬುದನ್ನು ತಾನೇ ನಿರ್ಣಯಿಸಬಲ್ಲನು.